ಒಳ್ಳೆಯ ಪೊರಕೆ

ಬ್ರೆಮೆನ್,
ಏಪ್ರಿಲ್ ೧೮, ಭಾನುವಾರ ಸಂಜೆ

ಪ್ರೀತಿಯ ಅಮ್ಮ,

ಮೊದಲೇ ಹೇಳಿಬಿಡುತ್ತೇನೆ, ನನಗೆ ಏನೂ ಆಗಿಲ್ಲ. ನಿನ್ನೆ ಫೋನಿನಲ್ಲಿ ನೀನು "ಜ್ವರ ಗಿರ ಬಂದಿದ್ಯೇನೇ?" ಎಂದು ಮತ್ತೆ ಮತ್ತೆ ಕೇಳಿದೆ. ಕೋಣೆ ಚಿಕ್ಕದು, ಈಗ ಬೇಡ, ಆಮೇಲೆ ಬಾ ಎನ್ನುತ್ತಲೇ ಬಂದ ಮಗಳು ಇದ್ದಕ್ಕಿದ್ದಂತೆ ಬರುವ ಶುಕ್ರವಾರವೇ ಬಾ ಎಂದರೆ ಯಾವ ತಾಯಿಗಾದರೂ ಅನುಮಾನ ಬರುತ್ತದೆ. ಬಾಯಿಬಿಟ್ಟು ವಿವರಿಸಲು ನನಗೆ ಬರುವುದಿಲ್ಲ, ನಿನಗೇ ಗೊತ್ತು. ಅದಕ್ಕೇ ಈ ಕಾಗದ. ಇದರಲ್ಲಿ ಇರುವುದು ನಿನ್ನ ಪ್ರವಾಸದ ಯೋಜನೆ, ಅಷ್ಟೇ.

ಶುಕ್ರವಾರ ಸಂಜೆ ಎರ್ಫುರ್ಟ್ ಕಡೆಯಿಂದ ಬರುವ ರೈಲಿಗೆ ನಾನು ನಿಲ್ದಾಣದಲ್ಲಿರುತ್ತೇನೆ. ರಾತ್ರಿ ಊಟಕ್ಕೆ ನಮ್ಮ ಮನೆಯೊಡತಿ ಗೆಸೀನ ಅಜ್ಜಿ ಕರೆದಿದ್ದಾರೆ. ಮಾಂಸಕ್ಕೆ ಓಟ್ಸ್ ಕಲಸಿ ಹುರಿದ ಕ್ನಿಪ್ ಮಾಡುತ್ತಾರಂತೆ. "ನೋಡೋಕೆ ಚೆಂದ ಇಲ್ಲ ಅಂತ ನಿಮ್ಮಮ್ಮ ಮೂಗು ಮುರಿದ್ರೆ, ಕಣ್ಣು ಮುಚ್ಕೊಂಡು ತಿನ್ನಿ ಅನ್ನು" ಎಂದರು. ಒಂದೇ ಕೋರಿಕೆ: ಅವರ ಕಿಟಕಿಯ ಮೇಲೆ ಬೆರಳೆಳೆದು ಧೂಳು ನೋಡಬೇಡ. ನನ್ನ ಕೋಣೆಯಲ್ಲಿ ಬೇಕಾದರೆ ನೋಡು.

ಭಾನುವಾರ ಕಡಲು. "ಬಂದರು ಅಂತೀಯ, ಕಡಲಿಲ್ಲ ಅಂತೀಯ, ಇದೆಂಥ ಊರೇ ನಿಂದು?" ಎಂದು ನಗುತ್ತೀಯಲ್ಲ, ನದಿ ಕಡಲು ಸೇರುವ ಕಡೆಗೆ ರೈಲಿನಲ್ಲಿ ಹೋಗೋಣ. ದಡದ ಒಡ್ಡಿನ ಮೇಲೆ ಕೂತು ಮೀನಿಟ್ಟ ಬನ್ನು ತಿನ್ನೋಣ. ಸೀಗಲ್ ಹಕ್ಕಿಗಳು ಕೈಯಿಂದಲೇ ಕಸಿಯುತ್ತವೆ, ಹುಷಾರಾಗಿರು.

ಬಿಸಿಲಿರುವುದು ಶನಿವಾರ, ಅಂದೇ ಕಡಲಿಗೆ ಹೋಗೋಣ ಎಂದೆಯಲ್ಲ, ಅದು ಆಗುವುದಿಲ್ಲ ಅಮ್ಮ. ಶನಿವಾರ ಬೆಳಿಗ್ಗೆ ವೇಸರ್ ನದಿಯ ದಂಡೆಯಲ್ಲಿ ಓಡಾಡೋಣ. ಮಧ್ಯಾಹ್ನ ಮಾತ್ರ ನಾವು ದೊಡ್ಡ ಚರ್ಚಿನ ಮೆಟ್ಟಿಲ ಬಳಿ ಇರಬೇಕು. ಅಲ್ಲಿ ನೋಡುವಂಥದ್ದು ಒಂದಿದೆ.

ಇಲ್ಲಿ ಮೂವತ್ತು ತುಂಬಿದರೂ ಮದುವೆಯಾಗದ ಗಂಡಸು ತನ್ನ ಹುಟ್ಟುಹಬ್ಬದ ದಿನ ಆ ಮೆಟ್ಟಿಲು ಗುಡಿಸಬೇಕು. ಗೆಳೆಯರು ಮೂಟೆಗಟ್ಟಲೆ ಬಾಟಲಿ ಮುಚ್ಚಳ ಸುರಿಯುತ್ತಾರೆ, ಗುಡಿಸಿದಷ್ಟೂ ಸುರಿಯುತ್ತಾರೆ. ಮದುವೆಯಾಗದ ಹುಡುಗಿಯೊಬ್ಬಳು ಬಂದು ಮುತ್ತು ಕೊಟ್ಟರೆ ಬಿಡುಗಡೆ. ಈ ಸಲದ ಸರದಿ ನಮ್ಮ ಮನೆಯ ನಡುಮಹಡಿಯಲ್ಲಿರುವ ಹಾಯೊ ಅವರದು. ಬಂದರಿನ ಕಾಫಿ ವ್ಯಾಪಾರಿಯ ಹತ್ತಿರ ರುಚಿ ನೋಡುವ ಕೆಲಸ. ದಿನವಿಡೀ ಕಾಫಿ ಹೀರಿ ಉಗುಳಿ, ಮನೆಗೆ ಬಂದು ಟೀ ಮಾಡಿಕೊಳ್ಳುತ್ತಾರೆ. ಗೆಸೀನ ಅಜ್ಜಿಗೆ ನಿದ್ದೆ ಕೆಡಬಾರದೆಂದು ಕಿರುಗುಟ್ಟುವ ಮೆಟ್ಟಿಲನ್ನು ದಾಟಿಯೇ ಇಳಿಯುತ್ತಾರೆ. ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಕೇಳಬೇಡ. ನನ್ನ ಕೋಣೆ ಅವರ ತಲೆಯ ಮೇಲೇ ಇದೆ, ಕೇಳಿಸುತ್ತದೆ.

ಅವರ ಆಫೀಸಿನ ಲೆಫ್ಕೆ ಮೊನ್ನೆ ನಮ್ಮ ಅಂಗಳದಲ್ಲಿ ಎಲ್ಲರೆದುರು ಸಾರಿದಳು: "ಬೆನ್ನು ಬಾಗೋವರೆಗೂ ಗುಡಿಸ್ಲಿ. ಆಮೇಲೆ ನಾನೇ ಹೋಗಿ ಬಿಡಿಸ್ತೀನಿ." ಅವಳು ಎತ್ತರದ ಹುಡುಗಿ, ಚೆನ್ನಾಗಿ ನಗುತ್ತಾಳೆ, ಜನರ ನಡುವೆ ನುಗ್ಗಲು ಅವಳಿಗೆ ಸಂಕೋಚವಿಲ್ಲ. ಅವಳಿಗಿಂತ ಮುಂಚೆ ಬೇರೆ ಯಾರಾದರೂ ಹೋದರೆ ಅದೂ ಸರಿಯೇ ಎಂದು ಗೆಸೀನ ಅಜ್ಜಿ ನನ್ನ ಮುಖ ನೋಡುತ್ತ ಹೇಳಿದರು. "ಪುಸ್ತಕ ಓದ್ಕೊಂಡು ಕೂತ್ರೆ ಮೆಟ್ಟಿಲು ತಾನಾಗೇ ಹತ್ರ ಬರಲ್ಲ ಕಣೇ" ಎಂದೂ ಸೇರಿಸಿದರು. ನಾನು ಅವರ ಬಟಾಟೆಯ ಸಿಪ್ಪೆ ತೆಗೆಯುತ್ತ ಕೂತೆ.

ಗುರುವಾರ ಹಾಯೊ ಮಹಡಿ ಮೆಟ್ಟಿಲಲ್ಲಿ ಸಿಕ್ಕರು. "ಶನಿವಾರ ನನ್ನ ಮರ್ಯಾದೆ ಹೋಗುತ್ತೆ, ಗೊತ್ತಲ್ಲ?" ಎಂದರು. ಸಾಹಿತ್ಯ ಓದಿದ ನಿನ್ನ ಮಗಳು ಏನು ಹೇಳಿದಳು ಗೊತ್ತೇ? "ಒಳ್ಳೆ ಪೊರಕೆ ತಗೊಳ್ಳಿ" ಎಂದಳು. ಅಷ್ಟು ಹೇಳಿ ಮೇಲೆ ಓಡಿದಳು.

ಹೀಗಾಗಿ ಶನಿವಾರ ಮಧ್ಯಾಹ್ನ ಮೆಟ್ಟಿಲು. ನೋಡಿದಂತಾಗುತ್ತದೆ, ಅಷ್ಟೇ. ನಿನ್ನ ಕೆಂಪು ಕೋಟು ಹಾಕಿಕೊಂಡು ಬಾ. ಜನಜಂಗುಳಿಯಲ್ಲಿ ನೀನು ಕಾಣುತ್ತಿದ್ದರೆ ನನಗೆ ಧೈರ್ಯ.

ನಿನ್ನ
ಟಿಲ್ಡಾ

ಮರೆತಿದ್ದು: ಕಾಗದ ಮಡಿಸುವ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಹಾಯೊ. ಗುರುವಾರ ಮಹಡಿ ಮೆಟ್ಟಿಲಲ್ಲಿ ನಾನು ಓಡುವ ಮೊದಲು ಇನ್ನೂ ಒಂದು ಮಾತು ನಡೆದಿತ್ತು, ಮೇಲೆ ಬರೆಯಲಿಲ್ಲ. "ನೀವೂ ಬರ್ತೀರಾ?" ಎಂದು ಅವನು ಕೇಳಿದ್ದ. ನಾನು ಗಾಬರಿಯಲ್ಲಿ "ಆಗಲ್ಲ, ಊರಿಂದ ಅಮ್ಮ ಬರ್ತಾರೆ" ಎಂದಿದ್ದೆ. ಆಗಿನ್ನೂ ನಿನ್ನನ್ನು ಕರೆದೇ ಇರಲಿಲ್ಲ ಅಮ್ಮ. "ಅವರನ್ನೂ ಕರ್ಕೊಂಡು ಬನ್ನಿ" ಎಂದುಬಿಟ್ಟ. ಈಗ ನೀನು ಬರಲೇಬೇಕು.

ಇವತ್ತು ಬಾಗಿಲಲ್ಲಿ ನಿಂತು, ಕಿವಿವರೆಗೂ ಕೆಂಪಾಗಿ ಕೇಳಿದ: "ಒಳ್ಳೆ ಪೊರಕೆ ಅಂದ್ರಲ್ಲ, ನಿಮ್ಮದೇ ಕೊಡ್ತೀರಾ? ವಾಪಸ್ ತಗೊಳ್ಳೋಕೆ ನೀವೇ ಅಲ್ಲಿಗೆ ಬರಬೇಕು. ಮುಚ್ಚಳ ಮುಗಿಯೋದಕ್ಕೆ ಮುಂಚೆ ಬಂದ್ರೆ ಒಳ್ಳೇದು."

ಕೊಟ್ಟೆ. ನನ್ನ ಹತ್ತಿರ ಇದ್ದದ್ದು ಅದೊಂದೇ ಪೊರಕೆ. ಶುಕ್ರವಾರ ನೀನು ಬಂದಾಗ ಕೋಣೆಯಲ್ಲಿ ಧೂಳಿರುತ್ತದೆ, ಏನೂ ಅನ್ನಬೇಡ. ಶನಿವಾರ ಸಂಜೆ ನಾನೂ ಅವನೂ ಸೇರಿ ಗುಡಿಸಿಕೊಡುತ್ತೇವೆ.