ಅಲಾರಮ್ಮನ ಟಿಂಗ್

ಮಾರ್ಚ್ 9, ಮಂಗಳವಾರ. ಬೆಳಿಗ್ಗೆ 11.20

ನಾಲ್ಕು ವಾಚಿಗೆ ಸೆಲ್ ಬದಲಿಸಿದ್ದಾಯಿತು. ಅದರಲ್ಲೊಂದು ದಪ್ಪ ಡಿಜಿಟಲ್. ರಿಪೇರಿಗೆ ಬಂದಿರುವ ಮೇಷ್ಟರ ಗೋಡೆ ಗಡಿಯಾರ ಇವತ್ತೂ ಹಟ ಹಿಡಿದಿದೆ—ಲೋಲಕ ಎರಡು ಸಲ ಆಡಿ ನಿಲ್ಲುತ್ತದೆ.

ದಿನಾ ಮಗು ನೋಡಿಕೊಳ್ಳುವ ಪಕ್ಕದ ಮನೆಯ ಅಜ್ಜಿ ತಮ್ಮ ಮಗಳ ಊರಿಗೆ ಹೋಗಿದ್ದಾರೆ. ಹಾಗಾಗಿ ನಮ್ಮ ಅಲಾರಮ್ಮ ಅಂಗಡಿಯಲ್ಲೇ. ನನ್ನ ಮಗಳು, ಎರಡೂವರೆ ವರ್ಷ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಕಿರುಚಿ ಬೀದಿ ಎಬ್ಬಿಸುತ್ತಾಳೆ ಅಂತ ನಾನೇ ಇಟ್ಟ ಹೆಸರು. ಸುಮ್ಮನಿರಲಿ ಅಂತ ಒಂದು ಕೆಲಸ ಕೊಟ್ಟಿದ್ದೇನೆ. ತೆಗೆದ ಹಳೇ ಸೆಲ್ ಅವಳ ಕೈಗೆ. ಅವಳು ಅದನ್ನು ಸ್ಟೀಲ್ ಬಟ್ಟಲಿಗೆ ಹಾಕುತ್ತಾಳೆ. "ಅಪ್ಪಾ, ಟಿಂಗ್!" ಸತ್ತ ಸೆಲ್ ತಾನೇ, ಏನಾಗುತ್ತೆ. ಅವಳಮ್ಮನಿಗೆ ಹೇಳಿಲ್ಲ. ಹೇಳಿದರೆ ನನ್ನ ಗ್ರಹಚಾರ ಬಿಡಿಸುತ್ತಾಳೆ.

2.05

ಊಟ ಬೇಡವಂತೆ. ಒಂದೇ ಸಮ ಜೊಲ್ಲು. ದವಡೆ ಹಲ್ಲು ಬರುತ್ತಿರಬೇಕು. ಮಾತೂ ಕಮ್ಮಿ. ಒಳ್ಳೇದೇ ಆಯಿತು, ಮೇಷ್ಟರ ಗಡಿಯಾರಕ್ಕೆ ಪುರಸೊತ್ತು ಸಿಕ್ಕಿತು.

4.50. ಆಸ್ಪತ್ರೆ

ಎದುರಂಗಡಿಯ ಟೈಲರ್ ಸುಮ್ಮನೆ ಬಂದವರು ನೋಡಿದರು. "ರೀ, ಮಗು ಉಸಿರು ಗೊರಗೊರ ಅಂತಿದೆ ಕಣ್ರೀ. ಏಳಿ ಮೊದ್ಲು!" ಅವರ ಸ್ಕೂಟರಿನಲ್ಲೇ ಬಂದೆವು. ಅಂಗಡಿ ಬಾಗಿಲು ಹಾಕಿದೆನೋ ಇಲ್ಲವೋ.

ಎಕ್ಸ್‌ರೇಯಲ್ಲಿ ದುಂಡನೆಯ ಬಿಳಿ. ನರ್ಸ್ "ನಾಣ್ಯ ನುಂಗಿದ್ದಾಳಾ?" ಅಂದರು. ಡಾಕ್ಟರಮ್ಮ ತಲೆ ಅಲ್ಲಾಡಿಸಿದರು. "ಅಂಚಲ್ಲಿ ಎರಡು ಗೆರೆ ಇದೆ ನೋಡಿ. ಬಟನ್ ಸೆಲ್. ಅನ್ನನಾಳದಲ್ಲಿ ಸಿಕ್ಕೊಂಡಿದೆ."

ಇಪ್ಪತ್ತು ಮಿಲಿಮೀಟರ್, ಅಂದೆ. ಕೇಳಿದವರಾರು? ಆ ದಪ್ಪ ಡಿಜಿಟಲ್ ವಾಚಿನದು.

"ಸತ್ತ ಸೆಲ್ಲು ಮೇಡಂ."

"ವಾಚಿಗೆ ಸತ್ತಿರುತ್ತೆ. ಮಗು ಗಂಟಲು ಸುಡೋಕೆ ಅಷ್ಟು ಸಾಕು. ಎಷ್ಟು ಹೊತ್ತಾಯ್ತು?"

ಈ ಡೈರಿ ತೆಗೆದು ನೋಡಿಯೇ ಹೇಳಿದೆ. ಹೆಚ್ಚುಕಮ್ಮಿ ಐದೂವರೆ ಗಂಟೆ. ಸಹಿ ಹಾಕಿಸಿಕೊಂಡು ಮಗುವನ್ನು ಒಳಗೆ ಒಯ್ದರು. ಕಾರಿಡಾರಿನ ಗಡಿಯಾರ ನಾಲ್ಕು ನಿಮಿಷ ಹಿಂದಿದೆ.

5.40

ಅವಳಮ್ಮ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಿಂದ ಯೂನಿಫಾರ್ಮಿನಲ್ಲೇ ಓಡಿ ಬಂದಳು.

"ಎಲ್ಲಿ ಸಿಕ್ತು ಅವಳಿಗೆ?"

"ಡ್ರಾಯರ್ ತೆಗ್ದಿತ್ತು ಅನ್ಸುತ್ತೆ. ನಾನು ನೋಡ್ಲಿಲ್ಲ."

"ನಾನು ರಜಾ ಹಾಕ್ಬೇಕಿತ್ತು ರೀ. ಅಂಗಡಿಗೆ ಕಳಿಸಿದ್ದೇ ತಪ್ಪು. ನಿಮ್ಮನ್ನ ಅಂದು ಏನ್ ಮಾಡ್ಲಿ... ನಂದೇ ತಪ್ಪು."

ನನ್ನ ಕೈ ಹಿಡಿದು ಅತ್ತಳು. ನನಗೆ ಅಳು ಬರಲಿಲ್ಲ. ಏನೂ ಅನ್ನಿಸುತ್ತಿಲ್ಲ.

ಮಾರ್ಚ್ 10

ಸೆಲ್ ತೆಗೆದಿದ್ದಾರೆ. "ಸದ್ಯಕ್ಕೆ" ಜೀವಕ್ಕೆ ತೊಂದರೆಯಿಲ್ಲವಂತೆ. ಮೂಗಿಗೆ ನಳಿಗೆ. ಸುಟ್ಟ ಗಾಯ ಧ್ವನಿಯ ನರಕ್ಕೂ ತಾಗಿದೆ. ಬಾಯಿ ತೆರೆದು ಅಳುತ್ತಾಳೆ—ಸದ್ದಿಲ್ಲ.

"ಮಾತು ಬರುತ್ತಾ ಡಾಕ್ಟ್ರೇ?"

"ಕಾದು ನೋಡೋಣ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ನಿಮಿಷ ಯಾವುದು ಅಂತ ನನಗೊಬ್ಬನಿಗೇ ಗೊತ್ತು.

ಮಾರ್ಚ್ 14

ಬೆಳಿಗ್ಗೆ ಆರಕ್ಕೆ ಎಚ್ಚರ. ಮಗಳೂ ಎದ್ದಿದ್ದಳು. ಕಣ್ಣು ಬಿಟ್ಟುಕೊಂಡು ಸುಮ್ಮನೆ.

"ನಿನಗೊಂದು ಹೇಳ್ಬೇಕಿತ್ತು" ಅಂದೆ ಅವಳಮ್ಮನಿಗೆ. "ಟೀ ತರ್ಲಾ?" ಅಂದಳು. ಹೂಂ ಅಂದೆ. ಕುಡಿದೆ.

ಮಾರ್ಚ್ 17

ಅಂಗಡಿಗೆ ಹೋಗಿ ಬಂದೆ. ಬಾಗಿಲನ್ನು ಟೈಲರ್ ಹಾಕಿಟ್ಟಿದ್ದರು, ಪುಣ್ಯಾತ್ಮ. ಬಟ್ಟಲಲ್ಲಿ ಮೂರೇ ಸೆಲ್; ಕೊಟ್ಟಿದ್ದು ನಾಲ್ಕು. ಒಂದು ಟಿಂಗ್ ಕೇಳಿಸಲಿಲ್ಲವಲ್ಲ ಅಂತ ತಲೆ ಎತ್ತಿ ನೋಡಬೇಕಿತ್ತು. ಗಡಿಯಾರದ ಕಾಯಿಲೆಯನ್ನು ಸದ್ದಿನಲ್ಲೇ ಹಿಡಿಯುತ್ತೇನೆ ಅಂತ ಬಡಾಯಿ ಕೊಚ್ಚುವ ಕಿವಿ ನನ್ನದು. ಬಟ್ಟಲು ಎತ್ತಿ ಅಟ್ಟಕ್ಕೆ ಹಾಕಿದೆ. ಆಮೇಲೆ ಮೇಷ್ಟರ ಗಡಿಯಾರ ರಿಪೇರಿ ಮಾಡಿದೆ. ಈಗ ಸರಿಯಾಗಿ ನಡೆಯುತ್ತಿದೆ.

ಮಾರ್ಚ್ 23

ಮನೆಗೆ ಬಂದೆವು. ನಳಿಗೆ ತೆಗೆದಿದ್ದಾರೆ. ಧ್ವನಿ ಇಲ್ಲ. ಫೋನ್ ಮಾಡಿದವರಿಗೆಲ್ಲ ಅವಳಮ್ಮನದು ಒಂದೇ ಮಾತು, "ನನ್ನದೇ ತಪ್ಪು." ರಾಜೀನಾಮೆ ಬರೆದಿಟ್ಟಿದ್ದಾಳೆ. ನಾಳೆ ಕೊಡುತ್ತಾಳಂತೆ.

"ಒಂಬತ್ತು ವರ್ಷದ ಕೆಲ್ಸ ಕಣೇ" ಅಂದೆ.

"ಮಗುಗಿಂತ ಹೆಚ್ಚಾ?" ಅಂದಳು. ಔಷಧಿ ತರುವ ನೆಪದಲ್ಲಿ ಹೊರಗೆ ಹೋದೆ. ಹೇಡಿ ನಾನು.

ಮಾರ್ಚ್ 24. ಬೆಳಿಗ್ಗೆ 8.15

ಅವಳಮ್ಮ ಔಷಧಿ ಕುಡಿಸಿ ಬಾಟಲಿ ಕೆಳಗಿಟ್ಟಳು. ಮುಚ್ಚಳ ಮಗಳ ಕೈಗೆ ಸಿಕ್ಕಿತು. ಬಾಯಿಗಿಡಲಿಲ್ಲ. ನನ್ನ ಮುಖ ನೋಡಿದಳು. ಸ್ಟೀಲ್ ತಟ್ಟೆಗೆ ಹಾಕಿದಳು.

"ಅಪ್ಪಾ... ಟಿಂಗ್."

ಒಡಕು ಧ್ವನಿ. ಆದರೆ ಧ್ವನಿ!

"ಮಾತಾಡಿದ್ಳು ರೀ! ಕೇಳಿಸ್ತಾ? ಅಯ್ಯೋ ನನ್ನ ಬಂಗಾರ, ಇನ್ನೊಂದ್ಸಲ ಹೇಳು! ಏನದು ಟಿಂಗ್?"

ಮಗಳು ಮುಚ್ಚಳ ತೆಗೆದು ನನ್ನ ಅಂಗೈಯಲ್ಲಿಟ್ಟಳು. ತನ್ನ ಕೈ ಚಾಚಿ ಕಾದಳು. ನಾನು ಕೊಡಬೇಕು, ಅವಳು ಹಾಕಬೇಕು.

"ಅಪ್ಪ ಕೊಡು. ಟಿಂಗ್."

ಅವಳಮ್ಮ ನಗುತ್ತಲೇ ನನ್ನ ಕಡೆ ತಿರುಗಿದಳು. ಮುಚ್ಚಳ ನೋಡಿದಳು. ತಟ್ಟೆ ನೋಡಿದಳು. ನಗು ನಿಂತಿತು.

ಬಚ್ಚಲಿಗೆ ಬಂದು ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ. ಮೇಜಿನ ಮೇಲಿದ್ದ ರಾಜೀನಾಮೆಯನ್ನೂ ಎತ್ತಿಕೊಂಡು ಬಂದಿದ್ದೇನೆ. ಬಾಗಿಲ ಸಂದಿಯಲ್ಲಿ ಅವಳಮ್ಮನ ಕಾಲು ಕಾಣುತ್ತಿದೆ.

"ರೀ. ಏನಾಟ ಅದು? ಯಾರು ಕಲಿಸಿದ್ದು?"

ನಾನೇ ಕಣೇ. ಬಂದೆ. ಚಿಲಕ ತೆಗೆಯುತ್ತೇನೆ.