ಪೆಟ್ಟಿಗೆಗೆ ಕಟ್ಟಿದ ಕೈ

ಇಸವಿ ಎರಡು ಸಾವಿರದ ಮುನ್ನೂರ ಹದಿನೇಳು, ಹದಿಮೂರನೆಯ ತಿಂಗಳ ಏಕಾದಶಿ.

ಹಿಂದಿನ ಕಾಲದ ಮತಗಟ್ಟೆಯ ತಾಯಂದಿರಿಗೆ ಕಾಶವ್ವನ ನಮಸ್ಕಾರ.

ಇಂದು ಉಪವಾಸ. ನಸುಕಿನಲ್ಲಿ ಅಂಗಳಕ್ಕೆ ನೀರು ಚಿಮುಕಿಸಿ, ಮೇಕೆ ಹಿಂಡಿ, ವಿಠ್ಠಲನಿಗೆ ತುಳಸಿ ಏರಿಸಿ ಬರೆಯಲು ಕೂತಿದ್ದೇನೆ. ಊರ ಶಾಲೆಯಲ್ಲಿ ಕಲಿತ ಬರಹ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನಮ್ಮಲ್ಲಿ ಮತಗಟ್ಟೆಯ ಕೆಲಸಕ್ಕೆ ಕೂತವರನ್ನು ಕೋಳದವರು ಎನ್ನುತ್ತೇವೆ. ಅವರ ಎಡಗೈಯನ್ನು ಮತಪೆಟ್ಟಿಗೆಗೆ ಸರಪಳಿಯಿಂದ ಬಿಗಿದು ಬೀಗ ಹಾಕಿರುತ್ತಾರೆ. ಮತದಾನ ಮೂರು ದಿನ. ಉಣ್ಣುವುದು, ತೂಕಡಿಸುವುದು ಎಲ್ಲ ಅಲ್ಲೇ. ಬಯಲುಕಡೆಗೆ ಹೋಗುವಾಗಲೂ ಪೆಟ್ಟಿಗೆಯನ್ನು ಕಂಕುಳಲ್ಲಿ ಎತ್ತಿಕೊಂಡೇ ಹೋಗಬೇಕು. ಕೀಲಿ ಮಾತ್ರ ತಾಲೂಕಿನ ಸಾಹೇಬರ ಬಳಿ. ಕಳೆದ ಸಲ ನನ್ನ ಅಕ್ಕ ಫಕೀರವ್ವ ಕೋಳದಲ್ಲಿದ್ದಳು, ನಾನು ಪಕ್ಕದಲ್ಲಿ ಕೂತು ಬೆರಳಿಗೆ ಮಸಿ ಹಚ್ಚುತ್ತಿದ್ದೆ. ಮಣಿಕಟ್ಟಿನ ಚರ್ಮ ಸುಲಿದು ಕೀವಾಗಿದ್ದರೂ ಅವಳ ನಗೆ ನಿಂತಿರಲಿಲ್ಲ. "ನನ್ನ ಗಂಡಾನೂ ಇಷ್ಟ ಗಟ್ಟಿ ಹಿಡದಿದ್ದಿಲ್ಲ ಬಿಡ ತಂಗಿ," ಎನ್ನುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ ಸೋಲುವ ಪಕ್ಷದ ಹುಡುಗರು ಬಾಗಿಲು ಒಡೆದು ನುಗ್ಗಿದರು. ಕಾವಲಿನವನ ತಲೆಯನ್ನು ಗೋಡೆಗೆ ಜಜ್ಜಿದರು. "ಪೆಟಿಗಿ ಬಿಡ ಮುದುಕಿ," ಎಂದು ಒಬ್ಬ ಕಬ್ಬು ಕಡಿಯುವ ಕುಡುಗೋಲು ಎತ್ತಿದ. "ಹೆಂಗ ಬಿಡ್ಲೋ ನನ್ನಪ್ಪಾ, ಕೀಲಿ ಸಾಹೇಬ್ರ ಕಿಸೇದಾಗೈತಿ," ಎಂದಳು. ಅವನು ಸರಪಳಿಯ ಮೇಲುಗಡೆ ಅವಳ ಮುಂಗೈಗೆ ಬೀಸಿದ. ಮೊದಲ ಏಟಿಗೆ ಕುಡುಗೋಲು ಎಲುಬಿನಲ್ಲಿ ಸಿಕ್ಕಿಕೊಂಡಿತು. ಅವಳ ಎದೆಗೆ ಒದ್ದು ಅದನ್ನು ಕಿತ್ತು ಮತ್ತೆ ಹೊಡೆದ. ಪೆಟ್ಟಿಗೆ ಕೈ ಸಮೇತ ಹೋಯಿತು. ಸೆರಗು ಹರಿದು ಕಟ್ಟಿದೆ, ರಕ್ತ ನಿಲ್ಲಲಿಲ್ಲ. ವಿಠ್ಠಲನ ಹೆಸರು ಹೇಳುತ್ತಲೇ ನನ್ನ ತೊಡೆಯ ಮೇಲೆ ತಣ್ಣಗಾದಳು.

ಮರುದಿನ ಪೆಟ್ಟಿಗೆ ಹೊಳೆಯಲ್ಲಿ ಸಿಕ್ಕಿತು. ಅಕ್ಕನ ಕೈ ಕೋಳದಲ್ಲೇ ಇತ್ತು. ಅದರಿಂದಲೇ ಪೆಟ್ಟಿಗೆ ಯಾವ ಮತಗಟ್ಟೆಯದೆಂದು ಗುರುತಾಯಿತಂತೆ, ಮತ ಎಣಿಸಿದರು. ಸರಪಳಿ ಒಳ್ಳೆಯ ಕೆಲಸ ಮಾಡಿತೆಂದು ಮೆಚ್ಚಿದ ಸಾಹೇಬರು ಈ ಸಲದಿಂದ ಎರಡೂ ಕೈಗೆ ಕೋಳ ಎಂದು ಆಜ್ಞೆ ಹೊರಡಿಸಿದ್ದಾರೆ. ನಾಡಿದ್ದು ನನ್ನ ಮಗಳು ನೀಲವ್ವನ ಪಾಳಿ.

ಇದು ಶುರುವಾದದ್ದು ನಿಮ್ಮ ಕಾಲದಲ್ಲಿ, ಅದೂ ಕರುಣೆಯಿಂದ ಎಂದು ನಮ್ಮ ಹಿರಿಯರು ಹೇಳುತ್ತಾರೆ. ನಿದ್ದೆಗೆಟ್ಟ ಮೇಡಂ ಒಬ್ಬರು ಸ್ವಲ್ಪ ಕಣ್ಣು ಮುಚ್ಚಲಿ, ಯಾರಾದರೂ ಮತಯಂತ್ರ ಎಳೆದರೆ ಎಚ್ಚರವಾಗಲಿ ಎಂದು ಜೊತೆಯವರು ಅವರ ಸೆರಗನ್ನು ಯಂತ್ರಕ್ಕೆ ಗಂಟು ಹಾಕಿದರಂತೆ. ಸೆರಗು ಹಗ್ಗವಾಯಿತು, ಹಗ್ಗ ಸರಪಳಿಯಾಯಿತು. ತಾಯಂದಿರೇ, ಆ ಗಂಟು ಹಾಕಬೇಡಿ, ಹಾಕಿಸಿಕೊಳ್ಳಲೂ ಬೇಡಿ. ನಿದ್ದೆ ಬಂದರೆ ಬಂತು ಎನ್ನಿ. ಪಾಳಿಗೆ ಇನ್ನೊಬ್ಬರನ್ನು ಕೇಳಿ, ಕೊಡುವವರೆಗೂ ಜಗಳವಾಡಿ.

ಗಂಟು ಹಾಕಲಿಲ್ಲ ಎಂದು ಕಲ್ಲಿನ ಮೇಲೆ ಕೆತ್ತಿ ನಿಮ್ಮ ಮತಗಟ್ಟೆಯ ಹೊಸ್ತಿಲಡಿ ಹೂಳಿ. ಆ ಕಟ್ಟಡವೀಗ ನಮ್ಮ ಹೊಳೆಯ ತಳದಲ್ಲಿದೆ, ನನಗೆ ಈಜು ಬಾರದು. ಹಿನ್ನಡೆಯಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಓಲೆ ಒಯ್ಯುವ ಅಂಚೆಯಲ್ಲಿ, ದುಡಿಯುವ ಅಣ್ಣಂದಿರೇ, ನಿಮ್ಮಲ್ಲಿ ಮುಳುಗಬಲ್ಲವರು ಯಾರಾದರೂ ಇದ್ದರೆ ನಾಡಿದ್ದು ಬೆಳಗಾಗಿ ನೀಲವ್ವನ ಕೈಗೆ ಕೋಳ ಬೀಳುವುದರೊಳಗೆ ಆ ಕಲ್ಲನ್ನು ನನಗೆ ತಂದುಕೊಡಿ.