ಮೂರನೆಯ ಕಂಬದ ಬುಡದಲ್ಲಿ

ಬೆಟಗೇರಿ
೧೨ ಮಾರ್ಚ್ ೧೯೮೨, ಶುಕ್ರವಾರ

ಅಲ್ಮಾಸಳ ಅಬ್ಬಾನವರಿಗೆ ನಿಮ್ಮ ಅಮೀನಬಿಯ ಸಲಾಮು.

ಕುವೈತಿನ ಬಿಸಿಲಲ್ಲಿ ನಿಮ್ಮ ಆರೋಗ್ಯ ಹೇಗಿದೆ? ಸಿಮೆಂಟು ಕಲಸಿ ಅಂಗೈ ಬಿರಿದಿದೆ ಎಂದು ಬರೆದಿದ್ದಿರಿ. ಎಣ್ಣೆ ಹಚ್ಚುತ್ತಿದ್ದೀರೋ ಇಲ್ಲವೋ? ನಾವೆಲ್ಲ ಕ್ಷೇಮ. ನನಗೆ ಮಾತ್ರ ಬೆಳಗಿನಿಂದ ಕುಂತಲ್ಲಿ ಕುಂಡ್ರಲಾಗುತ್ತಿಲ್ಲ. ಸಿಟ್ಟಾಗದೆ ಕೊನೆಯವರೆಗೆ ಓದಿರಿ.

ಹೋದ ವಾರ ಮಾವನವರ ಕಣ್ಣಿನ ಪೊರೆ ತೋರಿಸಲು ಬೆಂಗಳೂರಿಗೆ ಹೋಗಿದ್ದೆವು. ಡಾಕ್ಟರ ಬಳಿಯಿಂದ ಹೊರಗೆ ಬಂದವರೇ ಹಟ ಹಿಡಿದರು: "ಅಮೀನಾ, ಕಣ್ಣು ಪೂರಾ ಹೋಗೂದರಾಗ ಒಮ್ಮಿ ವಿಧಾನಸೌಧ ತೋರಸವಾ." ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಮದುವೆಯಾದ ಹೊಸತರಲ್ಲಿ ನಾನು ಕೇಳಿದ್ದಕ್ಕೆ ನೀವು "ಅಬ್ಬಾ ಅಲ್ಲಿ ಮೇಸ್ತ್ರಿ ಇದ್ದರು, ಮುಂದ ಕೇಳಬ್ಯಾಡ" ಎಂದು ಊಟ ಬಿಟ್ಟು ಎದ್ದಿದ್ದಿರಿ. ಆದರೂ ಕರೆದುಕೊಂಡು ಹೋದೆ.

ಏನು ಕಟ್ಟಡ ಅದು! ಒಂದು ಗುಡ್ಡವನ್ನೇ ಕೂಡಿಸಿ ಕೆತ್ತಿದಂತಿದೆ. ಅಗಲವಾದ ಮೆಟ್ಟಿಲು, ಅದರ ಮೇಲೆ ಆನೆಗಾತ್ರದ ಕಂಬಗಳ ಸಾಲು, ಮೇಲೆ ಗುಮ್ಮಟ, ಅದರ ನೆತ್ತಿಯಲ್ಲಿ ನಾಲ್ಕು ಸಿಂಹ. ಮಾವನವರು ಎದುರಿನ ಕೆಂಪು ಹೈಕೋರ್ಟಿಗೆ ಬೆನ್ನು ಹಾಕಿ ನಿಂತು, ಮಸುಕುಗಣ್ಣಿನಲ್ಲೇ ಕಂಬ ಎಣಿಸಿದರು. ಮೆಟ್ಟಿಲ ಬಳಿ ಪೊಲೀಸಿನವನು ತಡೆದ: "ಮೇಲೆ ಹೋಗೋ ಹಾಗಿಲ್ಲ ತಾತ, ಪಾಸ್ ಬೇಕು." ಇವರು, "ಇದನ್ನ ಕಟ್ಟಿದವರಾಗ ನಾನೂ ಒಬ್ಬಾಂವ ಅದೀನ್ರಿ" ಎಂದರು. "ಮೇಸ್ತ್ರಿನಾ?" ಎಂದು ಅವನು ನಕ್ಕ. "ಮೇಸ್ತ್ರಿ ಅಲ್ರಿ. ಕೈದಿ."

ಅಷ್ಟು ಜನರ ನಡುವೆ ಅಂದುಬಿಟ್ಟರು! ಪೊಲೀಸಿನವನು ಅವರ ಮುಖ ನೋಡಿದ, ಆ ಕಡೆ ಈ ಕಡೆ ನೋಡಿದ. "ಬೇಗ ನೋಡ್ಕೊಂಡು ಬನ್ನಿ" ಎಂದು ಪಕ್ಕಕ್ಕೆ ಸರಿದ. ಮಾವನವರು ಮೂರನೆಯ ಕಂಬದ ಬುಡದಲ್ಲಿ ಕುಳಿತು ಕಲ್ಲಿನ ಅಂಚನ್ನು ಬೆರಳಿನಿಂದ ತಡವಿದರು. "ಇದನ್ನ ಕಡಿಯೂ ಮುಂದ ನಿನ್ನ ಗಂಡ ಹತ್ತು ವರ್ಷದಾಂವ. ಅಂವಗ ಒಂದು ಕಾಗದಾ ಬರಿಯಾಕ ನನಗ ಅಕ್ಷರಾ ಬರ್ತಿದ್ದಿಲ್ಲ" ಎಂದರು.

ಆಮೇಲೆ ಎಲ್ಲ ಹೇಳಿದರು. ಆಗ ನಮ್ಮ ಗದಗ ಮುಂಬೈ ರಾಜ್ಯಕ್ಕೆ ಸೇರಿತ್ತು. ಇವರು ಮೈಸೂರು ಸೀಮೆಗೆ ಕಲ್ಲುಗಣಿ ಕೆಲಸಕ್ಕೆ ಹೋಗಿದ್ದರಂತೆ. ಬಂಡೆ ಉರುಳಿ ಜೊತೆಯವನು ಸತ್ತಾಗ, ಹೆಣ ಸರಿಸಿ ಕೆಲಸ ನಡೆಸಿರಿ ಎಂದ ಗುತ್ತಿಗೆದಾರನಿಗೆ ಸುತ್ತಿಗೆ ಬೀಸಿದರು. ಅವನ ಕೈ ಮುರಿಯಿತು, ಇವರಿಗೆ ಜೈಲಾಯಿತು. ವಿಧಾನಸೌಧಕ್ಕೆ ಕೈದಿಗಳನ್ನು ಕರೆತಂದಾಗ ಮೊದಲು ಮಣ್ಣು ಹೊತ್ತರು. ಒಬ್ಬ ಮುದಿ ಶಿಲ್ಪಿ ಇವರ ಕೈ ನೋಡಿ ಉಳಿ ಕೊಟ್ಟ. ಐವತ್ತಾರರಲ್ಲಿ ಕೆಲಸ ಮುಗಿಯಿತು, ಶಿಕ್ಷೆ ಕಡಿಮೆ ಮಾಡಿ ಬಿಟ್ಟರು. ಅದೇ ನವೆಂಬರಿನಲ್ಲಿ ನಮ್ಮ ಸೀಮೆಯೂ ಮೈಸೂರಿಗೆ ಸೇರಿತು. "ನಾ ಕಟ್ಟಿದ ಮನಿಯೊಳಗ ನನ್ನ ಹಿಂದನ ನಮ್ಮೂರೂ ಬಂತು ನೋಡವಾ" ಎಂದು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಈಗ ನಿಮ್ಮ ಕಳೆದ ಕಾಗದದ ಮಾತು. ಜೈಲಿನ ಮಾತು ಏಳಬಾರದೆಂದು, ಅಲ್ಮಾಸಳ ನಿಕಾಹ ಮುಗಿಯುವವರೆಗೆ ಮಾವನವರನ್ನು ಮುಂಡರಗಿಗೆ, ನಿಮ್ಮ ಅಕ್ಕ ಬಾನುಬಿಯ ಮನೆಗೆ ಕಳಿಸು ಎಂದು ಬರೆದಿದ್ದಿರಿ. ನಾನು ಕಳಿಸಲಿಲ್ಲ. ಮೊನ್ನೆ ಲಕ್ಷ್ಮೇಶ್ವರದಿಂದ ಹುಡುಗನ ತಂದೆ ಕರೀಮಸಾಬರು ಬಂದು, "ಹುಡುಗಿ ಅಜ್ಜನ ಬಗ್ಗೆ ಮಂದಿ ಏನೇನೋ ಅಂತಾರ. ಖರೇನವಾ?" ಎಂದು ಕೇಳಿದರು. ಒಳಗಿನ ಕೋಣೆಯಲ್ಲಿ ಮಾವನವರ ಕೆಮ್ಮು ನಿಂತಿತು. ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾಯಿತು. "ಖರೆ ಐತ್ರಿ" ಎಂದೆ, ಕಂಬದ ಬುಡದವರೆಗೆ ಎಲ್ಲವನ್ನೂ ಹೇಳಿದೆ. ಅವರು ಚಹಾ ಅರ್ಧಕ್ಕೆ ಬಿಟ್ಟು, "ಶುಕ್ರವಾರ ಖಬರ ಕೊಡ್ತೀನಿ" ಎಂದು ಹೋದರು. ಇವತ್ತೇ ಶುಕ್ರವಾರ. ಅಲ್ಮಾಸ ಮಗ್ಗದ ಮುಂದೆ ಕುಳಿತು ಬರೀ ಎಳೆ ಹರಿಯುತ್ತಿದ್ದಾಳೆ. ಸಂಬಂಧ ಮುರಿದರೆ ತಪ್ಪು ನನ್ನದೇ, ಅವರ ಮೇಲೆ ಹಾಕಬೇಡಿ.

ಅಲ್ಲಾಹು ನಿಮ್ಮ ಕೈಕಾಲಿಗೆ ಬಲ ಕೊಡಲಿ. ಮಾವನವರ ದುವಾ, ಮಗಳ ಸಲಾಮು.

ನಿಮ್ಮ
ಅಮೀನಬಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಕರೀಮಸಾಬರೇ ಬಂದರು. ನನ್ನನ್ನು ಮಾತಾಡಿಸದೆ ಸೀದಾ ಮಾವನವರ ಬಳಿ ಹೋಗಿ ಎರಡೂ ಕೈ ಹಿಡಿದು, "ನಿಕಾಹದ ದಿನಾ ನೀವು ನನ್ನ ಬಾಜೂಕ ಕುಂಡ್ರಬೇಕ್ರಿ" ಎಂದರು. ಮೇ ಹದಿನಾಲ್ಕಕ್ಕೆ ಗೊತ್ತಾಗಿದೆ. ರಜೆ ಕೇಳಿ ಬರ್ರಿ. ಮಾವನವರ ಇನ್ನೊಂದು ಮಗ್ಗಲು ನಿಮ್ಮದು. ಅಲ್ಲಿ ನಾನು ಬೇರೆ ಯಾರನ್ನೂ ಕೂಡಿಸುವುದಿಲ್ಲ.